ಕ್ರಿಸ್ತಜಯಂತಿಯ ಮೊದಲ ಎಲೆ

ಆಗಮನ ಕಾಲದ ಮೊದಲ ಭಾನುವಾರ ಕಳೆದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ಸಿದ್ಧತಾ ಸಭೆಗಳು ಆರಂಭವಾಗುತ್ತವೆ. ಗೋದಲಿಗೆ ಹುಲ್ಲು ತರುವವರು ಯಾರು, ನಕ್ಷತ್ರದ ದೀಪಕ್ಕೆ ತಂತಿ ಎಳೆಯುವವರು ಯಾರು, ಗಾಯನವೃಂದದ ಅಭ್ಯಾಸ ಎಂದಿನಿಂದ ಎಂಬ ವಿಷಯಗಳು ಬೇಗನೆ ತೀರ್ಮಾನವಾಗುತ್ತವೆ. ಅನಂತರ ಊಟದ ಮಾತು. ಕುರಿಮಾಂಸ ಎಷ್ಟು ಕಿಲೋ, ಕೋಳಿ ಎಷ್ಟು, ಬಿರಿಯಾನಿ ಮಾಡುವವರನ್ನು ಎಲ್ಲಿಂದ ಕರೆಸಬೇಕು ಎಂಬ ಚರ್ಚೆ ದೀರ್ಘವಾಗಿಯೇ ನಡೆಯುತ್ತದೆ. ಎಲ್ಲರೂ ಏಳುವ ಹೊತ್ತಿಗೆ ಯಾರೋ ಒಬ್ಬರು ನೆನಪಿಸುತ್ತಾರೆ: ಸಸ್ಯಾಹಾರಿಗಳೂ ಬರುತ್ತಾರಲ್ಲವೇ? ಉತ್ತರ ಎಲ್ಲ ಊರುಗಳಲ್ಲಿಯೂ ಒಂದೇ: “ಅವರಿಗೂ ಏನಾದರೂ ಮಾಡಿಬಿಡಿ.”

ಈ ಲೇಖನ ಆ ಒಂದು ವಾಕ್ಯದ ವಿರುದ್ಧ ಬರೆದದ್ದು. ‘ಅವರಿಗೂ’ ಎಂಬ ಪದದಲ್ಲಿ ಹೊರಗಿನವರೆಂಬ ಭಾವವಿದೆ. ‘ಏನಾದರೂ’ ಎಂಬಲ್ಲಿ ಉದಾಸೀನವಿದೆ. ‘ಮಾಡಿಬಿಡಿ’ ಎಂಬಲ್ಲಿ ಹೊರೆ ಇಳಿಸಿಕೊಳ್ಳುವ ಆತುರವಿದೆ. ಛತ್ರದಲ್ಲಿ ಸ್ಥಳವಿಲ್ಲದೆ ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಭುವಿನ ಜಯಂತಿಯಂದು, ಆತನ ಹೆಸರಿನಲ್ಲಿ ಕರೆದ ಅತಿಥಿಗೆ ನಾವು ಕೊಡುವ ಸ್ಥಳ ಇದೇ ಏನು? ಬೆತ್ಲೆಹೇಮಿನ ಛತ್ರದ ಯಜಮಾನನನ್ನು ಪ್ರತಿ ವರ್ಷ ನಮ್ಮ ನಾಟಕಗಳಲ್ಲಿ ದೂಷಿಸುವ ನಾವು, ಅವನೂ ಬಹುಶಃ ಅವರಿಗೂ ಏನಾದರೂ ಮಾಡಿಕೊಡೋಣವೆಂದೇ ಕೊಟ್ಟಿಗೆ ತೋರಿಸಿದನೆಂಬುದನ್ನು ಯೋಚಿಸುವುದಿಲ್ಲ.

ನನ್ನ ವಾದ ಸರಳವಾದುದು. ಕ್ರಿಸ್ತಜಯಂತಿಯ ಊಟವನ್ನು ಯೋಜಿಸುವಾಗ ಸಸ್ಯಾಹಾರದ ಎಲೆಯನ್ನು ಮೊದಲು ಯೋಜಿಸಬೇಕು, ಮಾಂಸದ ಅಡುಗೆಯನ್ನು ಅನಂತರ. ಮಾಂಸ ಅಶುದ್ಧವೆಂಬ ಕಾರಣಕ್ಕಾಗಿ ಹೀಗೆ ಹೇಳುತ್ತಿಲ್ಲ. ನೆರೆಯವನು ನಮ್ಮ ಮನೆಯಲ್ಲಿ ಅಂಜಿಕೆಯಿಲ್ಲದೆ ಕೈತೊಳೆದು ಕುಳಿತುಕೊಳ್ಳಬೇಕೆಂಬ ಕಾರಣಕ್ಕಾಗಿ ಹೇಳುತ್ತಿದ್ದೇನೆ. ಈ ಎರಡು ಕಾರಣಗಳ ನಡುವಿನ ಅಂತರವನ್ನು ಮರೆತರೆ ಎಲ್ಲವೂ ಕೆಟ್ಟುಹೋಗುತ್ತದೆ.

ನಮ್ಮ ಬಾಗಿಲಿಗೆ ಬರುವವರು ಯಾರು?

ಸಸ್ಯಾಹಾರಿಯೆಂದರೆ ಬ್ರಾಹ್ಮಣನೋ ಲಿಂಗಾಯತನೋ ಜೈನನೋ ಎಂದಷ್ಟೇ ನಮ್ಮ ಅನೇಕರ ತಿಳಿವಳಿಕೆ. ಅಂಥವರು ಎಲ್ಲಿ ನಮ್ಮ ಮನೆಯಲ್ಲಿ ಉಣ್ಣುತ್ತಾರೆ ಎಂದು ಮಾತನ್ನು ಮುಗಿಸಿಬಿಡುತ್ತೇವೆ. ಕಿರಂಗೂರು, ಗಂಜಾಂ, ಪಾಲಹಳ್ಳಿಗಳ ಸುತ್ತ ಡಿಸೆಂಬರ್ ತಿಂಗಳಿನಲ್ಲಿ ಒಮ್ಮೆ ಕಣ್ತೆರೆದು ನಡೆದುನೋಡಿದರೆ ಈ ತಿಳಿವಳಿಕೆ ಎಷ್ಟು ಬಡವೆಂಬುದು ಗೊತ್ತಾಗುತ್ತದೆ.

ನವೆಂಬರ್ ನಡುವಿನಿಂದ ಕ್ರಿಸ್ತಜಯಂತಿಯ ಮರುದಿನಗಳವರೆಗೆ ಅಯ್ಯಪ್ಪನ ಮಂಡಲ ವ್ರತದ ಕಾಲ. ವರ್ಷವೆಲ್ಲ ಮಾಂಸ ತಿನ್ನುವ ರೈತರ ಮಕ್ಕಳು, ಲಾರಿ ಚಾಲಕರು, ಕಾರ್ಖಾನೆಯ ಕಾರ್ಮಿಕರು ಮಾಲೆ ಧರಿಸಿ, ಬರಿಗಾಲಿನಲ್ಲಿ ನಡೆದು, ಮಾಂಸ ಮದ್ಯಗಳನ್ನು ತೊರೆದಿರುತ್ತಾರೆ. ಅದೇ ದಿನಗಳಲ್ಲಿ ಧನುರ್ಮಾಸ ನಡೆಯುತ್ತಿರುತ್ತದೆ. ಶ್ರೀರಂಗಪಟ್ಟಣದಿಂದ ಮೇಲುಕೋಟೆಯವರೆಗೆ ನಸುಕಿನ ಪೂಜೆ, ಹುಗ್ಗಿಯ ನೈವೇದ್ಯ ನಡೆಯುವ ಮನೆಗಳಲ್ಲಿ ಆ ತಿಂಗಳ ಶಿಸ್ತು ಬೇರೆ. ಇನ್ನು ವಾರದ ಲೆಕ್ಕವಿದೆ. ನಮ್ಮ ಸೀಮೆಯ ಎಷ್ಟೋ ಒಕ್ಕಲು ಮನೆಗಳಲ್ಲಿ ಸೋಮವಾರ ಮಾಂಸದ ಅಡುಗೆಯಿಲ್ಲ, ಕೆಲವರಲ್ಲಿ ಶನಿವಾರವೂ ಇಲ್ಲ. 2021ರಲ್ಲಿ ಕ್ರಿಸ್ತಜಯಂತಿ ಶನಿವಾರ ಬಂತು. 2023ರಲ್ಲಿ ಸೋಮವಾರ ಬಂತು. ಬಾಡೂಟವೆಂದರೆ ಸಂತೋಷಪಡುವ ನೆರೆಯವರೇ ಅಂದು ನಮ್ಮ ಬಿರಿಯಾನಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಪಂಚಾಂಗ ನೋಡಿ ಮದುವೆಗೆ ಹೋಗುವ ನಾವು, ನಮ್ಮ ಹಬ್ಬ ಯಾವ ವಾರ ಬಿದ್ದಿದೆಯೆಂದು ನೆರೆಯವರ ಕಣ್ಣಿನಿಂದ ಎಂದಾದರೂ ನೋಡಿದ್ದೇವೆಯೇ?

ಮುಸ್ಲಿಂ ನೆರೆಯವರನ್ನು ಈ ಲೆಕ್ಕದಲ್ಲಿ ನಾವು ಸೇರಿಸುವುದೇ ಇಲ್ಲ. ಅವರು ಮಾಂಸ ತಿನ್ನುವವರು, ಆದ್ದರಿಂದ ತೊಂದರೆಯಿಲ್ಲ ಎಂದುಕೊಳ್ಳುತ್ತೇವೆ. ಹಲಾಲ್ ಆಗದ ಮಾಂಸ ಅವರಿಗೆ ನಿಷಿದ್ಧ. ರಮ್ಮಿನಲ್ಲಿ ನೆನೆಸಿದ ಒಣಹಣ್ಣಿನ ಕೇಕು ಇನ್ನೂ ನಿಷಿದ್ಧ. ಶ್ರೀರಂಗಪಟ್ಟಣದಂಥ ಊರಿನಲ್ಲಿ ರಂಗನಾಥನ ಭಕ್ತನೂ ಮಸೀದಿಗೆ ಹೋಗುವವನೂ ಒಂದೇ ಸಂದೇಹವಿಲ್ಲದೆ ಉಣ್ಣಬಹುದಾದ ಎಲೆ ಯಾವುದೆಂದು ಕೇಳಿದರೆ ಉತ್ತರ ಸಸ್ಯಾಹಾರದ ಎಲೆಯೇ. ಇದು ಯಾವ ಸಿದ್ಧಾಂತದ ಮಾತೂ ಅಲ್ಲ, ಕೇವಲ ನೆರೆಹೊರೆಯ ಅನುಭವದ ಮಾತು.

ಕೊನೆಯದಾಗಿ ನಮ್ಮದೇ ಮಕ್ಕಳು. ಮೈಸೂರು, ಬೆಂಗಳೂರುಗಳಲ್ಲಿ ಓದಿ ದುಡಿಯುವ ಕೆಲವು ಯುವಕ ಯುವತಿಯರು ಪ್ರಾಣಿದಯೆಯಿಂದಲೋ ಸೃಷ್ಟಿಯ ಕಾಳಜಿಯಿಂದಲೋ ಮಾಂಸವನ್ನಷ್ಟೇ ಅಲ್ಲದೆ ಹಾಲು, ಮೊಸರು, ತುಪ್ಪ, ಜೇನುಗಳನ್ನೂ ಬಿಟ್ಟಿದ್ದಾರೆ. ವೀಗನ್ ಎಂದು ಅವರನ್ನು ಕರೆಯುತ್ತಾರೆ. ಅಜ್ಜಿಯರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಚಿಕ್ಕಪ್ಪಂದಿರಿಗೆ ಹಾಸ್ಯದ ವಸ್ತು. ಆದರೆ ಇದು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೇ 2022ರಲ್ಲಿ ಇಂಥ ಆಹಾರಕ್ಕೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿದೆ. ಸೃಷ್ಟಿಯ ರಕ್ಷಣೆ ವಿಶ್ವಾಸದ ಕರ್ತವ್ಯವೆಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದ್ದನ್ನು ಪ್ರಬೋಧನೆಗಳಲ್ಲಿ ಉಲ್ಲೇಖಿಸುವ ನಾವು, ಅದನ್ನು ಗಂಭೀರವಾಗಿ ತೆಗೆದುಕೊಂಡ ಮಗಳನ್ನು ಹಬ್ಬದ ದಿನ ಬರಿಯ ಅನ್ನದ ಮುಂದೆ ಕೂರಿಸುವುದು ನ್ಯಾಯವೇ?

ಅವರಿಗೆ ಸಿಗುವುದೇನು?

ಹಬ್ಬದ ಮಧ್ಯಾಹ್ನ ನಾವೆಲ್ಲ ನೋಡಿರುವ ದೃಶ್ಯವಿದು. ಮಾಂಸದ ಕೊಪ್ಪರಿಗೆಗಳ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಪಾತ್ರೆಯಲ್ಲಿ ತಣ್ಣಗಾದ ಚಿತ್ರಾನ್ನ, ಪಕ್ಕದಲ್ಲಿ ನೀರಾದ ಸಾರು. ಕೋಳಿಯ ಸಾರಿನಲ್ಲಿ ಮುಳುಗಿದ ಸೌಟೇ ಅವಸರದಲ್ಲಿ ಈ ಕಡೆಗೂ ಬರುತ್ತದೆ. ಕಬಾಬು ಕರಿದ ಎಣ್ಣೆಯಲ್ಲಿಯೇ ಹಪ್ಪಳ ಕರಿಯುತ್ತಾರೆ. ಅತಿಥಿ ಗಮನಿಸುತ್ತಾನೆ, ಏನೂ ಹೇಳುವುದಿಲ್ಲ, ಈಗತಾನೇ ಮನೆಯಲ್ಲಿ ಊಟವಾಯಿತೆಂದು ನಕ್ಕು ಒಂದು ಬಾಳೆಹಣ್ಣು ತೆಗೆದುಕೊಂಡು ಹೋಗುತ್ತಾನೆ. ಅವನು ಬಂದುಹೋದದ್ದನ್ನು ನಾವು ಸರ್ವಧರ್ಮ ಸೌಹಾರ್ದವೆಂದು ವರದಿ ಬರೆಯುತ್ತೇವೆ.

ಇದಕ್ಕಿಂತಲೂ ಗಂಭೀರವಾದುದು ಕೇಕಿನ ವಿಷಯ. ಮೊಟ್ಟೆ ಹಾಕಿದ ಕೇಕನ್ನು ಏನೂ ಹೇಳದೆ ಹಂಚುವುದು ನಮ್ಮಲ್ಲಿ ಸಾಮಾನ್ಯ. ಕೇಳಿದರೆ, ಸ್ವಲ್ಪವೇ ಹಾಕಿದೆ, ಗೊತ್ತಾಗುವುದಿಲ್ಲ ಎಂಬ ಉತ್ತರ. ಗೊತ್ತಾಗುವುದಿಲ್ಲವೆಂಬುದೇ ತಪ್ಪಿನ ತಿರುಳು. ಮಾರಾಟದ ಪೊಟ್ಟಣದಲ್ಲಿ ಮೊಟ್ಟೆಯಿದ್ದರೆ ಹಸಿರು ಗುರುತು ಹಾಕುವಂತಿಲ್ಲವೆಂದು ದೇಶದ ಕಾನೂನು ಹೇಳುತ್ತದೆ. ಅಂಗಡಿಯವನಿಗಿರುವ ಕನಿಷ್ಠ ಪ್ರಾಮಾಣಿಕತೆ ಪ್ರಭುವಿನ ಜನನವನ್ನು ಆಚರಿಸುವ ಕುಟುಂಬಕ್ಕೆ ಬೇಡವೇ? ವ್ರತದಲ್ಲಿರುವವನಿಗೆ ತಿಳಿಯದಂತೆ ವ್ರತ ಮುರಿಸುವುದು ತಮಾಷೆಯಲ್ಲ. ಅದು ಒಬ್ಬನ ಮನಸ್ಸಾಕ್ಷಿಯ ಮೇಲೆ ನಡೆಸುವ ಕಳ್ಳತನ. ಒಬ್ಬ ನೆರೆಯವನು ಹೀಗೆ ಒಮ್ಮೆ ಮೋಸಹೋದರೆ ಅವನ ಮಕ್ಕಳು ಮೊಮ್ಮಕ್ಕಳವರೆಗೂ ಕ್ರೈಸ್ತರ ಮನೆಯಲ್ಲಿ ಏನನ್ನೂ ಬಾಯಿಗಿಡಬೇಡವೆಂಬ ಎಚ್ಚರಿಕೆ ಉಳಿಯುತ್ತದೆ. ಸಂಕ್ರಾಂತಿಗೆ ಎಳ್ಳುಬೆಲ್ಲದ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬರುವ ಮಗುವಿನ ಮನೆಗೆ ನಾವು ಹಿಂದಿರುಗಿಸಿದ್ದು ಇದಾದರೆ, ನಷ್ಟ ಯಾರದು?

‘ಬಾಡಿಲ್ಲದೆ ಹಬ್ಬವೇ?’

ಇಲ್ಲಿ ಒಂದು ಆಕ್ಷೇಪಣೆ ಖಂಡಿತ ಬರುತ್ತದೆ. ಮಾಂಸವಿಲ್ಲದಿದ್ದರೆ ಅದು ಹಬ್ಬವೇ ಅಲ್ಲ, ಕ್ರಿಸ್ತಜಯಂತಿ ತಪಸ್ಸುಕಾಲವಲ್ಲ ಎನ್ನುವವರಿದ್ದಾರೆ. ಅವರ ಪಕ್ಷಕ್ಕೆ ಒಬ್ಬ ದೊಡ್ಡ ಸಾಕ್ಷಿಯನ್ನು ನಾನೇ ಒದಗಿಸುತ್ತೇನೆ. 1223ರಲ್ಲಿ ಗ್ರೇಚ್ಚೊ ಎಂಬಲ್ಲಿ ಗೋದಲಿಯನ್ನು ರೂಪಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಕ್ರಿಸ್ತಜಯಂತಿ ಶುಕ್ರವಾರ ಬಿದ್ದಾಗ ಮಾಂಸ ತಿನ್ನಬಹುದೇ ಎಂಬ ಪ್ರಶ್ನೆ ಎದ್ದುದಕ್ಕೆ, ಅಂಥ ದಿನ ಗೋಡೆಗಳೂ ಮಾಂಸ ತಿನ್ನುವಂತಾಗಬೇಕು, ತಿನ್ನಲಾರದಿದ್ದರೆ ಹೊರಗಿನಿಂದಲಾದರೂ ಅವಕ್ಕೆ ಸವರಬೇಕು ಎಂಬ ಅರ್ಥದ ಮಾತನ್ನು ಅವರು ಆಡಿದರಂತೆ. ಧರ್ಮಸಭೆಯ ಇಂದಿನ ಕಾನೂನಿನಂತೆಯೂ ಶುಕ್ರವಾರ ಮಹೋತ್ಸವ ಬಂದರೆ ಮಾಂಸವರ್ಜನೆ ಅನ್ವಯಿಸದು. 2020ರ ಕ್ರಿಸ್ತಜಯಂತಿ ಅಂಥ ಶುಕ್ರವಾರವೇ ಆಗಿತ್ತು.

ಆದರೆ ಆ ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಬಾರದು. ಅದೇ ಸಂತರು ಅಂದು ಬಡವರನ್ನು ಶ್ರೀಮಂತರು ಹೊಟ್ಟೆತುಂಬ ಉಣಿಸಬೇಕೆಂದೂ, ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಹುಲ್ಲು ಕಾಳು ಹಾಕಬೇಕೆಂದೂ, ಹಕ್ಕಿಗಳಿಗಾಗಿ ದಾರಿಯಲ್ಲಿ ಧಾನ್ಯ ಚೆಲ್ಲಬೇಕೆಂದೂ ಬಯಸಿದರು. ಅವರ ಮಾತಿನ ತಾತ್ಪರ್ಯ ಮಾಂಸವಲ್ಲ, ಯಾರೂ ಹಸಿದಿರಬಾರದೆಂಬುದು. ಪ್ರತಿಯೊಂದು ಜೀವಕ್ಕೂ ಅದು ತಿನ್ನುವುದನ್ನು ಸಮೃದ್ಧವಾಗಿ ಬಡಿಸಬೇಕೆಂಬುದು. ಎತ್ತಿನ ಮುಂದೆ ಯಾರೂ ಬಿರಿಯಾನಿ ಇಡುವುದಿಲ್ಲ. ಅದಕ್ಕೆ ಹುಲ್ಲು ಬೇಕೆಂದು ನಮಗೆ ತಿಳಿದಿದೆ. ಎತ್ತಿಗೆ ತೋರಿಸುವ ತಿಳಿವಳಿಕೆಯನ್ನು ಅತಿಥಿಗೂ ತೋರಿಸೋಣ.

ಮಾಂಸವಿಲ್ಲದ ಹಬ್ಬದ ಊಟ ಕ್ರೈಸ್ತ ಪರಂಪರೆಗೆ ಹೊಸದೂ ಅಲ್ಲ. 1966ರಲ್ಲಿ ಜಗದ್ಗುರು ಆರನೆಯ ಪೌಲರು ಉಪವಾಸದ ನಿಯಮಗಳನ್ನು ಬದಲಿಸುವ ಮೊದಲು ಕ್ರಿಸ್ತಜಯಂತಿಯ ಜಾಗರಣೆಯ ದಿನ ಉಪವಾಸ ಮತ್ತು ಮಾಂಸವರ್ಜನೆಯ ದಿನವಾಗಿತ್ತು. ಪೋಲೆಂಡಿನ ಕಥೋಲಿಕರು ಇಂದಿಗೂ ಆ ರಾತ್ರಿಯ ದೊಡ್ಡ ಊಟವನ್ನು ಮಾಂಸವಿಲ್ಲದೆಯೇ ಮಾಡುತ್ತಾರೆ. 2010ರಲ್ಲಿ ನಮ್ಮ ಮಂಡ್ಯದಲ್ಲಿಯೇ ಧರ್ಮಪ್ರಾಂತ್ಯವನ್ನು ಪಡೆದ ಸಿರೋ-ಮಲಬಾರ್ ಸಹೋದರರಲ್ಲಿ ಡಿಸೆಂಬರ್ ಆರಂಭದಿಂದ ಕ್ರಿಸ್ತಜಯಂತಿಯವರೆಗೆ 25 ದಿನಗಳ ನೋಂಬು ನಡೆಯುತ್ತದೆ. ಪಶ್ಚಿಮಕ್ಕೆ ಹೋದರೆ ಮಂಗಳೂರಿನ ಕಥೋಲಿಕರ ಮೊಂತಿ ಹಬ್ಬವಿದೆ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನನೋತ್ಸವದ ದಿನ ಹೊಸ ತೆನೆಯನ್ನು ಆಶೀರ್ವದಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಬಾಳೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳನ್ನು ಬಡಿಸಿಕೊಂಡು ಉಣ್ಣುತ್ತಾರೆ. ಮೀನಿಲ್ಲದೆ ಊಟವಿಲ್ಲವೆನ್ನುವ ಕರಾವಳಿಯಲ್ಲಿ ಅಂದು ಮೀನೂ ಇಲ್ಲ, ಮಾಂಸವೂ ಇಲ್ಲ. ಇದು ಹಬ್ಬವಲ್ಲವೆಂದು ಅಲ್ಲಿಯ ಯಾವ ಮಗುವೂ ಹೇಳುವುದಿಲ್ಲ. ಇದೇ ಸಮುದಾಯದ ಪೂರ್ವಜರು 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು 15 ವರ್ಷ ಇಲ್ಲಿ ನರಳಿದರೆಂಬುದನ್ನು ನೆನೆದಾಗ, ಅವರ ಆ ಎಲೆ ನಮಗೆ ದೂರದ ಸಂಗತಿಯೆನಿಸುವುದಿಲ್ಲ.

ಈ ಮಣ್ಣಿನ ಗುರುಗಳು

ದೂರದ ಉದಾಹರಣೆಗಳು ಬೇಡವೆಂದರೆ ಕಿರಂಗೂರಿಗೆ ಕೆಲವೇ ಮೈಲಿ ದೂರದಲ್ಲಿರುವ ಚರಿತ್ರೆಯನ್ನು ನೋಡೋಣ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಮೈಸೂರು ಮಿಷನ್ನಿನ ಆದ್ಯರು. ಮಧುರೆಯ ರಾಬರ್ಟೊ ಡಿ ನೊಬಿಲಿಯವರ ದಾರಿಯಲ್ಲಿ ಅವರೂ ಕಾವಿಯುಟ್ಟು, ಕನ್ನಡ ಕಲಿತು, ಮಾಂಸ ತೊರೆದು ಸಂನ್ಯಾಸಿಯಂತೆ ಬಾಳಿದರು. 1799ರಲ್ಲಿ ಟಿಪ್ಪುಸುಲ್ತಾನರ ಪತನವಾದ ಮೇಲೆ ಚದುರಿಹೋದ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಗಂಜಾಂನ ಹಳೆಯ ದೇವಾಲಯವನ್ನು ಜನ ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಅವರೂ ಈ ನಾಡಿನ ಉಡುಪು ತೊಟ್ಟು, ಮಾಂಸ ಬಿಟ್ಟು, ಜನರ ನಡುವೆ ಜನರಂತೆ ಬದುಕಿ ದೊಡ್ಡ ಸ್ವಾಮಿಯೆನಿಸಿಕೊಂಡರು. ಫ್ರಾನ್ಸಿನಲ್ಲಿ ಹುಟ್ಟಿದವನಿಗೆ ಮಾಂಸವಿಲ್ಲದೆ ಕ್ರಿಸ್ತಜಯಂತಿ ಆಚರಿಸಲು ಸಾಧ್ಯವಾಯಿತು. ಕಾವೇರಿಯ ನೀರು ಕುಡಿದು ಬೆಳೆದ ನಮಗೆ ಒಂದು ಪ್ರತ್ಯೇಕ ಒಲೆ ಹೊತ್ತಿಸುವುದು ಕಷ್ಟವಾಗಿದೆ.

ಆದರೆ ಈ ಚರಿತ್ರೆಯನ್ನು ಹೊಗಳಿ ಸುಮ್ಮನಾಗುವುದು ಸತ್ಯಕ್ಕೆ ಬಗೆಯುವ ದ್ರೋಹ. ಆ ಗುರುಗಳ ಸಸ್ಯಾಹಾರ ಪ್ರೀತಿಯ ಬಾಗಿಲನ್ನು ತೆರೆಯಿತು. ಅದೇ ಹೊತ್ತಿಗೆ ಜಾತಿಯ ಗೋಡೆಗೆ ಸುಣ್ಣವನ್ನೂ ಬಳಿಯಿತು. ಮಧುರೆಯಲ್ಲಿ ಮೇಲ್ಜಾತಿಯವರಿಗೆ ಸಂನ್ಯಾಸಿ ವೇಷದ ಗುರುಗಳು, ಕೀಳೆನಿಸಿಕೊಂಡವರಿಗೆ ಪಂಡಾರಸ್ವಾಮಿಗಳೆಂಬ ಬೇರೆ ಗುರುಗಳು ಎಂಬ ಏರ್ಪಾಡಾಯಿತು. ಎಲೆಯ ಮೇಲಿನ ಸೊಪ್ಪು ಕಾಳು ಸುವಾರ್ತೆಯಾಗುವುದು, ಆ ಎಲೆಯ ಪಕ್ಕದಲ್ಲಿ ಯಾರು ಕುಳಿತಿದ್ದಾರೆಂಬುದರ ಮೇಲೆ ನಿಂತಿದೆ. ಸಸ್ಯಾಹಾರದ ಹೆಸರಿನಲ್ಲಿ ನಮ್ಮ ಹಬ್ಬಕ್ಕೆ ಪಂಕ್ತಿಭೇದ ಬರುವುದಾದರೆ, ಆ ಊಟ ಎಷ್ಟೇ ಸಾತ್ವಿಕವಾಗಿರಲಿ, ಅದು ಪ್ರಭುವಿನ ಭೋಜನವಲ್ಲ.

ಮಾಂಸ ಹೀನವಲ್ಲ

ಹೀಗಾಗಿ ಇನ್ನೊಂದು ಪಕ್ಷದವರೊಡನೆಯೂ ನಾನು ವಾದ ಮಾಡಬೇಕಾಗಿದೆ. ಇತ್ತೀಚೆಗೆ ನಮ್ಮಲ್ಲಿಯೂ ಕೆಲವರು, ಮಾಂಸವನ್ನು ಪೂರ್ತಿಯಾಗಿ ಬಿಟ್ಟರೆ ಕ್ರೈಸ್ತರಿಗೆ ಗೌರವ ಹೆಚ್ಚುತ್ತದೆ, ಸಾತ್ವಿಕರೆನಿಸಿಕೊಳ್ಳುತ್ತೇವೆ ಎನ್ನತೊಡಗಿದ್ದಾರೆ. ಇದು ಅಪಾಯದ ಮಾತು.

2024ರ ಡಿಸೆಂಬರ್ 20ರಿಂದ 22ರವರೆಗೆ, ಕ್ರಿಸ್ತಜಯಂತಿಗೆ ಮೂರೇ ದಿನ ಮುಂಚೆ, ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಸೂಚನೆಗಳಲ್ಲಿ ಮದ್ಯ, ತಂಬಾಕುಗಳ ಜೊತೆಗೆ ಮಾಂಸಾಹಾರವನ್ನೂ ನಿಷೇಧಿತ ವಸ್ತುಗಳ ಪಟ್ಟಿಗೆ ಸೇರಿಸಿದ್ದು ದೊಡ್ಡ ವಿವಾದವಾಯಿತು. ಬಾಡೂಟ ಬೇಕೆಂದು ಅನೇಕರು ದನಿಯೆತ್ತಿದರು. ಅವರ ನೋವಿನ ಮೂಲ ಹೊಟ್ಟೆಬಾಕತನವಾಗಿರಲಿಲ್ಲ. ಬಹುಜನರು ಉಣ್ಣುವ ಅನ್ನವನ್ನು ಹೆಂಡ ಹೊಗೆಸೊಪ್ಪುಗಳ ಸಾಲಿಗೆ ನಿಲ್ಲಿಸಿದ್ದು ಅವಮಾನವಾಗಿತ್ತು. ಮರುವರ್ಷ, 2025ರಲ್ಲಿ, ಮಂಡ್ಯ ತಾಲ್ಲೂಕಿನ ಆಲಕೆರೆಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಬೇಯಿಸುವ ವಿಚಾರಕ್ಕೆ ಊರು ಎರಡಾಗಿ, ಎಷ್ಟೋ ಪೋಷಕರು ತಮ್ಮ ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದರು. ಒಂದು ಮೊಟ್ಟೆ ಒಂದು ತರಗತಿಯ ಮಕ್ಕಳನ್ನು ಬೇರ್ಪಡಿಸಬಲ್ಲ ಜಿಲ್ಲೆಯಲ್ಲಿ ನಾವು ಹಬ್ಬ ಮಾಡುತ್ತಿದ್ದೇವೆ. ನಮ್ಮ ಎಲೆ ಯಾವ ಪಕ್ಷದ ಬಾವುಟವೂ ಆಗದಂತೆ ನೋಡಿಕೊಳ್ಳುವ ಹೊಣೆ ನಮ್ಮದು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮನುಷ್ಯನನ್ನು ಅಶುದ್ಧಗೊಳಿಸುವುದು ಬಾಯೊಳಗೆ ಹೋಗುವುದಲ್ಲ, ಹೃದಯದಿಂದ ಹೊರಡುವುದು ಎಂಬುದನ್ನು ಪ್ರಭುವೇ ಕಲಿಸಿದರು. ಜೊಪ್ಪದ ಮಾಳಿಗೆಯ ಮೇಲೆ ಸಂತ ಪೇತ್ರರಿಗಾದ ದರ್ಶನ ಆಹಾರದ ಬಗೆಗೆ ತೊಡಗಿ ಕೊನೆಗೆ ಮನುಷ್ಯರ ಬಗೆಗಿನ ಪಾಠವಾಯಿತು. ಯಾವ ಮನುಷ್ಯನನ್ನೂ ಹೊಲಸೆನ್ನಬಾರದೆಂದು ತಿಳಿದು ಅವರು ಅನ್ಯಜನಾಂಗದ ಕೊರ್ನೇಲಿಯನ ಮನೆಯ ಹೊಸ್ತಿಲು ದಾಟಿದರು. 314ರ ಅಂಕಿರಾ ಧರ್ಮಪರಿಷತ್ತು, ಮಾಂಸವನ್ನು ತೊರೆದ ಗುರುಗಳು ಒಮ್ಮೆ ಅದನ್ನು ರುಚಿನೋಡಿ ಅನಂತರ ಬಿಡಲಿ ಎಂಬ ನಿಯಮ ಮಾಡಿತು. 561ರಲ್ಲಿ ಬ್ರಾಗಾದ ಪರಿಷತ್ತು ಮಾಂಸ ಸ್ವಭಾವತಃ ಅಶುದ್ಧವೆನ್ನುವವರನ್ನು ಖಂಡಿಸಿತು. ಸಂನ್ಯಾಸಿ ಮಾಂಸ ಬಿಡುವುದನ್ನು ಧರ್ಮಸಭೆ ಎಂದೂ ವಿರೋಧಿಸಲಿಲ್ಲ. ಅದು ವಿರೋಧಿಸಿದ್ದು ಹೇಸಿಗೆಯನ್ನು, ತಿನ್ನುವವನನ್ನು ಕೀಳಾಗಿ ಕಾಣುವ ಕಣ್ಣನ್ನು.

ವರ್ಷದಲ್ಲಿ ಒಂದೆರಡು ಬಾರಿ ಮಾತ್ರ ಕುರಿಮಾಂಸ ಕೊಳ್ಳಬಲ್ಲ ಕೂಲಿಯವನ ಮನೆಯಲ್ಲಿ ಕ್ರಿಸ್ತಜಯಂತಿಯ ಮುದ್ದೆ ಬಾಡುಸಾರು ದೇವರ ಕರುಣೆಯ ರುಚಿಯಂತಿರುತ್ತದೆ. ಅವನ ಎಲೆಯಿಂದ ಆ ತುಂಡನ್ನು ಕಸಿದು ಅವನಿಗೆ ಸಾತ್ವಿಕತೆಯನ್ನು ಬೋಧಿಸುವ ಅಧಿಕಾರ ಯಾವ ಗುರುವಿಗೂ ಇಲ್ಲ. ನಾನು ಬೇಡುತ್ತಿರುವುದು ಅವನ ಸಂತೋಷ ಉಳಿಯಲಿ, ಅವನ ಪಕ್ಕದಲ್ಲಿ ಕುಳಿತವನ ಸಂತೋಷವೂ ಅಷ್ಟೇ ಪೂರ್ಣವಾಗಿರಲಿ ಎಂದು.

ರೋಮನರಿಗೆ ಬರೆದ ಪತ್ರದ 14ನೆಯ ಅಧ್ಯಾಯದಲ್ಲಿ ಸಂತ ಪೌಲರು ಬಿಡಿಸಿದ್ದು ಇದೇ ಗಂಟನ್ನು. ಅಲ್ಲಿಯೂ ಎಲ್ಲವನ್ನೂ ತಿನ್ನುವವರಿದ್ದರು, ಸೊಪ್ಪುಸದೆ ಮಾತ್ರ ತಿನ್ನುವವರಿದ್ದರು. ತಿನ್ನುವವನು ತಿನ್ನದವನನ್ನು ಹೀನೈಸದಿರಲಿ, ತಿನ್ನದವನು ತಿನ್ನುವವನ ಮೇಲೆ ತೀರ್ಪು ಕೊಡದಿರಲಿ ಎಂದು ಅವರು ಇಬ್ಬರನ್ನೂ ಎಚ್ಚರಿಸಿದರು. ಆದರೆ ಭಾರವನ್ನು ಇಬ್ಬರ ಮೇಲೆ ಸಮವಾಗಿ ಹೊರಿಸಲಿಲ್ಲ. ಸ್ವತಂತ್ರನಾದವನೇ ಮೊದಲು ಹೆಜ್ಜೆ ಇಡಬೇಕು, ತನ್ನ ಊಟದಿಂದ ಸಹೋದರ ಎಡವದಂತೆ ನೋಡಿಕೊಳ್ಳಬೇಕು ಎಂದರು. ನಾವು ಎಲ್ಲವನ್ನೂ ತಿನ್ನಬಲ್ಲವರು. ಆದ್ದರಿಂದ ಯೋಚಿಸುವ ಹೊಣೆ ನಮ್ಮದು. ಹೊರಗಿನವರು ನಿಷೇಧ ಹೇರಿದರೆ ಅದು ದಬ್ಬಾಳಿಕೆ. ಆತಿಥೇಯರು ತಾವಾಗಿ ಮಾಡಿದರೆ ಅದು ಆತಿಥ್ಯ.

ಎಲೆ ಬೇರೆ, ಪಂಕ್ತಿ ಒಂದೇ

ಹಾಗಾದರೆ ಮಾಡಬೇಕಾದುದೇನು? ಧರ್ಮಕೇಂದ್ರದ ಸಮಿತಿಗಳಿಗೂ ಮನೆಯ ಯಜಮಾನ ಯಜಮಾನಿಯರಿಗೂ ಅನ್ವಯಿಸುವ ಕೆಲವು ಮಾತುಗಳನ್ನು ಹೇಳುತ್ತೇನೆ.

ಮೊದಲು ಸಸ್ಯಾಹಾರದ ಪದಾರ್ಥಗಳನ್ನು ಬರೆಯಿರಿ, ಅದಕ್ಕೆ ತಗಲುವ ಹಣವನ್ನು ತೆಗೆದಿಡಿ, ಉಳಿದುದರಲ್ಲಿ ಮಾಂಸ ಕೊಳ್ಳಿರಿ. ಅದಕ್ಕೆ ಪ್ರತ್ಯೇಕ ಒಲೆ, ಪ್ರತ್ಯೇಕ ಎಣ್ಣೆ, ಪ್ರತ್ಯೇಕ ಸೌಟು ಇರಲಿ. ಬಡಿಸುವವರೂ ಬೇರೆಯವರಾಗಿರಲಿ. ಆದರೆ ಪಂಕ್ತಿ ಒಂದೇ ಆಗಿರಲಿ. ಪಕ್ಕದ ಎಲೆಯಲ್ಲಿ ಮಾಂಸವಿರುವುದನ್ನೇ ಸಹಿಸಲಾಗದ ವ್ರತಸ್ಥರಿದ್ದರೆ, ಮಾಂಸ ಬಡಿಸುವುದಕ್ಕೆ ಮುಂಚೆ ಎಲ್ಲರೂ ಒಟ್ಟಿಗೆ ಸಿಹಿತಿಂಡಿ ತಿನ್ನುವ ಒಂದು ಹೊತ್ತನ್ನು ಏರ್ಪಡಿಸಿರಿ. ಜಾತಿ ನೋಡಿ ಸ್ಥಳ ಕೇಳುವವನಿಗೆ ಮಾತ್ರ ವಿನಯದಿಂದ ಇಲ್ಲವೆನ್ನಿರಿ. ಆತಿಥ್ಯಕ್ಕೂ ಒಂದು ಬೆನ್ನೆಲುಬಿದೆ.

ಪದಾರ್ಥಗಳಿಗೇನು ಬರವೇ? ಡಿಸೆಂಬರ್ ನಮ್ಮ ಸೀಮೆಯಲ್ಲಿ ಸೊಗಡವರೆಯ ಕಾಲ. ರಾತ್ರಿ ಕಾಳು ನೆನೆಸಿ, ಮುಂಜಾನೆ ಮಕ್ಕಳು ಮರಿಗಳೆಲ್ಲ ಕುಳಿತು ಹಿತುಕಿದರೆ, ಹಿತುಕಿದ ಬೇಳೆಯ ಸಾರಿನ ಮುಂದೆ ಯಾವ ಕುರ್ಮಾ ನಿಲ್ಲುತ್ತದೆ? ಹೆಸರುಬೇಳೆಯ ಕೋಸಂಬರಿ, ಹುರುಳಿಕಾಯಿ ಪಲ್ಯ, ಕುಂಬಳದ ಹುಳಿ ಇವೆಲ್ಲ ನಮ್ಮ ಅಡುಗೆಮನೆಗೆ ಪರಿಚಿತವಾದವುಗಳೇ. ಮಾಲೆ ಧರಿಸಿದವರಿಗಾಗಿ ಒಂದು ಸಾರು, ಒಂದು ಪಲ್ಯವನ್ನಾದರೂ ಈರುಳ್ಳಿ ಬೆಳ್ಳುಳ್ಳಿಯಿಲ್ಲದೆ ಮಾಡಿರಿ.

ಹಾಲು ತುಪ್ಪಗಳನ್ನೂ ಬಿಟ್ಟವರಿಗೆ ಅಡುಗೆ ಮಾಡುವುದು ಅಸಾಧ್ಯವೆಂಬ ಗೊಣಗಾಟವನ್ನು ಕೇಳಿದ್ದೇನೆ. ನಮ್ಮ ಅಜ್ಜಿಯರ ಹಬ್ಬದ ಅಡುಗೆಯನ್ನು ಪರಿಶೀಲಿಸಿದರೆ ಈ ಗೊಣಗಾಟ ನಿಲ್ಲುತ್ತದೆ. ಅಕ್ಕಿ ಬೆಲ್ಲಗಳ ಪಾಕವನ್ನು ಎಣ್ಣೆಯಲ್ಲಿ ಕರಿದ ಕಜ್ಜಾಯದಲ್ಲಿ ಹಾಲೆಲ್ಲಿದೆ? ಒತ್ತುಶ್ಯಾವಿಗೆಗೆ ಹಾಕಿಕೊಳ್ಳುವ ಕಾಯಿಹಾಲು ತೆಂಗಿನದೇ ಹೊರತು ಹಸುವ��ದಲ್ಲ. ಕೊಬ್ಬರಿ ಬೆಲ್ಲದ ಹೂರಣ ತುಂಬಿದ ಕರ್ಜಿಕಾಯಿಯ ಕಣಕವನ್ನು ಎಣ್ಣೆಯಲ್ಲಿ ಕಲಸಿದರೆ ಸಾಕು. ಚಕ್ಕುಲಿಗೆ ಬೆಣ್ಣೆಯ ಬದಲು ಕಾಯಿಸಿದ ಎಣ್ಣೆ ಸಾಕು. ಒಬ್ಬಟ್ಟನ್ನು ಎಣ್ಣೆಯಲ್ಲಿ ಬೇಯಿಸಿ ತುಪ್ಪವನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದವರು ಹಾಕಿಸಿಕೊಳ್ಳಲಿ. ಬೆಲ್ಲ ನಮ್ಮ ಮಂಡ್ಯ ಸೀಮೆಯದು, ಅಕ್ಕಿ ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆಯದು, ತೆಂಗು ಹಿತ್ತಲಿನದು. ಹೊಸ ಹೆಸರಿನ ಈ ಆಹಾರ ನಮ್ಮ ಅಟ್ಟದ ಡಬ್ಬಿಗಳಲ್ಲಿ ಬಹುಕಾಲದಿಂದ ಕುಳಿತಿದೆ.

ಕೇಕು ಬೇಕೇಬೇಕೆಂದರೆ ಒಂದನ್ನು ಮೊಟ್ಟೆಯೂ ಮದ್ಯವೂ ಇಲ್ಲದೆ ಮಾಡಿರಿ, ಅಥವಾ ಹಾಗೆಂದು ನಮೂದಿಸಿ ಮಾರುವ ಬೇಕರಿಯಿಂದ ತನ್ನಿರಿ. ಒಣಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೇಳುವುದಕ್ಕೆ ಮುಂಚೆಯೇ ಹೇಳಿರಿ: ಇದರಲ್ಲಿ ಮೊಟ್ಟೆಯಿದೆ, ಇದರಲ್ಲಿ ಇಲ್ಲ, ಇದನ್ನು ತುಪ್ಪದಲ್ಲಿ ಮಾಡಿದೆ, ಇದನ್ನು ಎಣ್ಣೆಯಲ್ಲಿ. ಒಂದು ಚೀಟಿಯಲ್ಲಿ ಬರೆದು ಪಾತ್ರೆಯ ಮುಂದಿಟ್ಟರೆ ಇನ್ನೂ ಒಳ್ಳೆಯದು. ಅತಿಥಿ ಕೇಳಿ ತಿಳಿಯುವಂತಾದರೆ ಅವನು ಅರ್ಧ ಹೊರಗಿನವನಾದ. ನಾವೇ ಹೇಳಿದರೆ ಮನೆಯವನಾದ.

ಇಷ್ಟೆಲ್ಲ ಕೆಲಸ ಯಾರು ಮಾಡುವುದೆಂಬ ಪ್ರಶ್ನೆ ನ್ಯಾಯವಾದುದೇ. ಜಾಗರಣೆಯ ರಾತ್ರಿಯ ಬಲಿಪೂಜೆಗೆ ನಿದ್ದೆಗೆಟ್ಟು, ನಸುಕಿನಿಂದ ಒಲೆಯ ಮುಂದೆ ನಿಲ್ಲುವ ತಾಯಂದಿರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿ ನಾವು ಅತಿಥಿಸತ್ಕಾರದ ಪುಣ್ಯ ಗಳಿಸುವುದು ಬೇಡ. ಬಾಡು ತರಲು ಸಂಭ್ರಮದಿಂದ ಹೋಗುವ ಗಂಡಸರು ಅವರೆಕಾಳು ಹಿತುಕಲೂ ಕಾಯಿ ತುರಿಯಲೂ ಕೂರಲಿ. ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿಗಳು ದಿನಗಟ್ಟಲೆ ಕೆಡದೆ ಉಳಿಯುವಂಥವು. ಅವನ್ನು ಹಬ್ಬದ ಹಿಂದಿನ ವಾರವೇ ಯುವಕ ಸಂಘ, ಮಹಿಳಾ ಸಂಘಗಳು ಕೂಡಿ ಮಾಡಬಹುದು.

ಕಿರಂಗೂರಿನ ಬನ್ನಿಮಂಟಪದಿಂದ ಶ್ರೀರಂಗಪಟ್ಟಣದ ದಸರೆ ಹೊರಟಾಗ ಅದನ್ನು ನೋಡಲು ರಸ್ತೆಬದಿಯಲ್ಲಿ ನಿಲ್ಲುವವರಲ್ಲಿ ನಾವೂ ಇರುತ್ತೇವೆ. ನೀವು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಹಬ್ಬಕ್ಕೆ ಬಂದವರಿಗೆ ಅಷ್ಟೇ ನಿಶ್ಚಿಂತೆಯ ಸ್ಥಳವನ್ನು ನಾವು ಕೊಡಬೇಡವೇ? ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆಯೆಂದು ಅರ್ಥ. ಆ ಮನೆಯಲ್ಲಿ ಹುಟ್ಟಿದ ಕಂದನನ್ನು ತಾಯಿ ಮಲಗಿಸಿದ್ದು ದನಗಳು ಹುಲ್ಲು ಮೇಯುವ ಗೋದಲಿಯಲ್ಲಿ; ಮುಂದೆ ಆತನೇ ನಮಗೆ ಪರಮಪ್ರಸಾದದ ರೊಟ್ಟಿಯಾದನು. ಸಸ್ಯಾಹಾರಿಯಿರಲಿ ಮಾಂಸಾಹಾರಿಯಿರಲಿ, ಬಲಿಪೀಠದ ಮುಂದೆ ಎಲ್ಲರಿಗೂ ಸಿಗುವುದು ಗೋಧಿಯ ಒಂದು ತುಣುಕೇ.

ಆದುದರಿಂದ ಪ್ರಿಯ ಓದುಗರೇ, ಈ ವರ್ಷದ ಸಿದ್ಧತಾ ಸಭೆಯಲ್ಲಿ ಊಟದ ಮಾತು ಬಂದಾಗ ಕಿಲೋಗಳ ಲೆಕ್ಕಕ್ಕೆ ಮುಂಚೆ ಒಬ್ಬರು ಎದ್ದು ನಿಂತು, ನೆರೆಯವರ ಎಲೆಗೆ ಏನು ಬಡಿಸೋಣವೆಂದು ಕೇಳಿರಿ. ಆ ಪ್ರಶ್ನೆಗೆ ಉತ್ತರ ಬರೆದಾಗುವವರೆಗೆ ಪಟ್ಟಿಯ ಮುಂದಿನ ಸಾಲಿಗೆ ಹೋಗಬೇಡಿರಿ.